ಎರಡು ನದಿಗಳ ನಡುವಿನ ಕೋಟೆಗಳು: ಸುರಪುರದ ಕಥೆ ಹೇಳಿದವರು ಯಾರು?

ಫ್ರಾನ್ಸಿನ ಲ್ವಾರ್ ಕಣಿವೆಯ ರೀಲ್ಸ್ ನೀವೂ ನೋಡಿರ್ತೀರಿ. ಸಾವಿರ ಕಿಲೋಮೀಟರ್ ಹರಿಯೋ ನದಿ, ದಂಡೆಯುದ್ದಕ್ಕೂ ಅರಮನೆ, ಕೋಟೆ, ದ್ರಾಕ್ಷಿ ತೋಟ, ಸಂಜೆಗೆ ವೈನ್. ಲಿಯೊನಾರ್ಡೊ ಡಾ ವಿಂಚಿ 1519ರಲ್ಲಿ ತೀರಿಕೊಂಡದ್ದು ಅಲ್ಲೇ. ಅದೇ ವರ್ಷ ಫ್ರಾನ್ಸಿನ ದೊರೆ ಅಲ್ಲಿ ಶಾಂಬೋರ್ ಅರಮನೆ ಕಟ್ಟಿಸೋಕೆ ಶುರು ಮಾಡಿದ. 2000ರಲ್ಲಿ ಆ ಕಣಿವೆ ಯುನೆಸ್ಕೊ ಪಟ್ಟಿಗೂ ಸೇರಿತು.

ನದಿ ಮತ್ತು ಕೋಟೆ ಎರಡೂ ಇರೋ ಸೀಮೆ ನಮ್ಮಲ್ಲೂ ಅದ. ಯಾದಗಿರಿ ಜಿಲ್ಲೆ. ಒಂದು ಕಡೆ ಭೀಮಾ, ಇನ್ನೊಂದು ಕಡೆ ಕೃಷ್ಣಾ. ಯಾದಗಿರಿ ಊರಿನ ನೆತ್ತಿ ಮೇಲೆ ಬೆಟ್ಟದ ಕೋಟೆ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣೋ ಗುಡ್ಡ. ಅದರಾಚೆ ಸುರಪುರ. ಇಲ್ಲಿ ವೈನ್ ಇಲ್ಲ, ತೊಗರಿ, ಹತ್ತಿ, ಕಾಲುವೆ ನೀರು ಬಂದ ಮೇಲೆ ಭತ್ತ. ಆದರೆ ಕಥೆಗೆ ಕೊರತೆ ಇಲ್ಲ. ಇವತ್ತು ನಾನು ಸುರಪುರದ ಎರಡು ಕಥೆ ಹೇಳ್ತೀನಿ.

ಮೊದಲನೆಯದು 1705ರದು. ಸುರಪುರಕ್ಕೆ ಹತ್ತಿರದ ವಾಗಿಣಗೇರಿ ಆಗ ಬೇಡ ನಾಯಕರ ನೆಲೆ. ನಾಯಕನ ಹೆಸರು ಪಿಡ್ಡನಾಯಕ. ಮುತ್ತಿಗೆ ಹಾಕಿದವನು ಔರಂಗಜೇಬ್, ಖುದ್ದಾಗಿ ಬಂದಿದ್ದ, ವಯಸ್ಸು 86. ಬಿಜಾಪುರ, ಗೋಲ್ಕೊಂಡದಂಥ ಸುಲ್ತಾನರ ರಾಜ್ಯಗಳನ್ನೇ ನುಂಗಿದ ಬಾದಶಹನಿಗೆ ಈ ಕೋಟೆ ಹಿಡಿಯೋಕೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೇಕಾಯ್ತು. ನಾಯಕರ ಬೆನ್ನಿಗೆ ಮರಾಠರೂ ಬಂದರು. ಕೊನೆಗೆ ಮೊಘಲರು ಒಳಗೆ ನುಗ್ಗಿದಾಗ ಮನೆಗಳು ಉರೀತಿದ್ದವು, ನಾಯಕ ತಪ್ಪಿಸಿಕೊಂಡಿದ್ದ. ಕೋಟೆ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಇದೇ ಔರಂಗಜೇಬನ ಕೊನೆಯ ದೊಡ್ಡ ಮುತ್ತಿಗೆ. ಆಮೇಲೆ ಹತ್ತಿರದ ದೇವಾಪುರದಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ತಂಗಿದ್ದ. ಎರಡು ವರ್ಷದೊಳಗೆ ಅಹ್ಮದ್‌ನಗರದಲ್ಲಿ ತೀರಿಕೊಂಡ. ನಾಯಕರು ಮಾತ್ರ ಸುರಪುರದಿಂದ ಮುಂದೆ ಒಂದೂವರೆ ಶತಮಾನ ಆಳಿದರು.

ಎರಡನೇ ಕಥೆ ಹೆಚ್ಚು ಕಷ್ಟದ್ದು, ಯಾಕಂದ್ರೆ ಇದರಲ್ಲಿ ಪ್ರೀತಿ ಅದ.

1841ರಲ್ಲಿ ಸುರಪುರದ ಗದ್ದುಗೆಗೆ ವಾರಸುದಾರ ಏಳೆಂಟು ವರ್ಷದ ಹುಡುಗ, ವೆಂಕಟಪ್ಪನಾಯಕ. ತಾಯಿ ರಾಣಿ ಈಶ್ವರಮ್ಮ. ಹುಡುಗ ದೊಡ್ಡವನಾಗೋ ತನಕ ಆಡಳಿತ ನೋಡಿಕೊಳ್ಳೋಕೆ ಬಂದವನು ಫಿಲಿಪ್ ಮೆಡೋಸ್ ಟೇಲರ್. 'ಕನ್ಫೆಷನ್ಸ್ ಆಫ್ ಎ ಠಗ್' ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಆಗಲೇ ಹೆಸರಾಗಿದ್ದ. ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ, ಅದೇ ಇವತ್ತಿನ ಟೇಲರ್ ಮಂಜಿಲ್. ನಾಯಕರ ಕಾಲದ ಬೋನಾಳ ಕೆರೆಯನ್ನು ದುರಸ್ತಿ ಮಾಡಿಸಿದ, ಈಗ ಅದು ಪಕ್ಷಿಧಾಮ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲಾಗಿ ಜೋಡಿಸಿರೋ ಪ್ರಾಚೀನ ಬಂಡೆಗಳ ಬಗ್ಗೆಯೂ ಬರೆದ. ಹುಡುಗ ದೊರೆ ಅವನನ್ನು 'ಅಪ್ಪಾ' ಅಂತ ಕರೀತಿದ್ದ. ಜನ ಅವನಿಗೆ ಮಹಾದೇವ ಬಾಬಾ ಅಂದರು.

1853ರಲ್ಲಿ ದೊರೆ ಅಧಿಕಾರ ವಹಿಸಿಕೊಂಡ, ಟೇಲರ್ ಹೊರಟುಹೋದ. ಐದೇ ವರ್ಷ. 1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ಮೇಲೆ ತಿರುಗಿಬಿತ್ತು. ಕ್ಯಾಪ್ಟನ್ ನ್ಯೂಬೆರಿ ಸತ್ತ. ಇನ್ನಷ್ಟು ಸೈನ್ಯ ಬರುವಾಗ ದೊರೆ ಹೈದರಾಬಾದಿಗೆ ಹೋದ, ಅಲ್ಲಿ ಸಾಲಾರ್ ಜಂಗ್ ಅವನನ್ನು ಬ್ರಿಟಿಷರಿಗೆ ಒಪ್ಪಿಸಿದ. ಸೆರೆಯಲ್ಲಿದ್ದ ದೊರೆಯನ್ನು ನೋಡೋಕೆ ಟೇಲರ್ ಬಂದ. ನನ್ನನ್ನು ಕಳ್ಳನ ಹಾಗೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕೊಡಿ ಅಂತ ದೊರೆ ಕೇಳಿಕೊಂಡನಂತೆ. ಮರಣದಂಡನೆ ಇಳಿದು ನಾಲ್ಕು ವರ್ಷದ ಸೆರೆವಾಸವಾಯಿತು. ಆದರೆ ಮದ್ರಾಸ್ ಕಡೆ ಸಾಗಿಸುವ ದಾರಿಯಲ್ಲೇ ಗುಂಡೇಟಿನಿಂದ ತೀರಿಕೊಂಡ. ವಯಸ್ಸು ಸುಮಾರು ಇಪ್ಪತ್ನಾಲ್ಕು. 1860ರಲ್ಲಿ ಸಂಸ್ಥಾನ ನಿಜಾಮನ ಕೈಗೆ ಹೋಯಿತು.

ದೊರೆ ತಾನೇ ಗುಂಡು ಹಾರಿಸಿಕೊಂಡ ಅಂತ ಸರಕಾರ ಹೇಳಿತು. ಅಲ್ಲ, ಕೊಂದರು ಅಂತ ಸುರಪುರದ ಕಡೆ ಹೇಳೋವರಿದ್ದಾರೆ. ಟೇಲರ್ ಆ ಜಾಗದಲ್ಲಿ ಇರಲಿಲ್ಲ. ಆದರೂ ಲೋಕ ಓದೋದು ಅವನು ಬರೆದದ್ದನ್ನೇ, ಯಾಕಂದ್ರೆ ಅವನ ಆತ್ಮಕಥೆ 1877ರಲ್ಲಿ ಅಚ್ಚಾಯಿತು, ದೊರೆಯ ಆತ್ಮಕಥೆ ಎಲ್ಲೂ ಇಲ್ಲ. ಟೇಲರನ ಪ್ರೀತಿ ಸುಳ್ಳು ಅಂತ ನಾನು ಹೇಳೋದಿಲ್ಲ. ಆದರೆ ಅವನ ಪುಸ್ತಕದಲ್ಲಿ ದೊರೆ ಕೆಟ್ಟವರ ಮಾತು ಕೇಳಿ ದಾರಿ ತಪ್ಪಿದ ಮಗ. ಸುರಪುರದ ಜನರ ನೆನಪಲ್ಲಿ ಅವನು ತನ್ನ ನೆಲಕ್ಕಾಗಿ ಎದ್ದ ನಾಯಕ. ಒಬ್ಬನೇ ಮನುಷ್ಯ, ಆದರೆ ಎರಡು ಕಥೆ. ಒಂದಕ್ಕೆ ಅಚ್ಚುಕೂಟ ಸಿಕ್ಕಿತು, ಇನ್ನೊಂದಕ್ಕೆ ಕಟ್ಟೆ ಮೇಲೆ ಕೂತ ಹಿರಿಯರ ಬಾಯಿ.

ಲ್ವಾರ್ ಕಣಿವೆ ಲೋಕಕ್ಕೆ ಗೊತ್ತಾದದ್ದು ಬರೀ ಕಲ್ಲಿನಿಂದಲ್ಲ, ಆ ಕಲ್ಲಿನ ಕಥೆಯನ್ನು ಅಲ್ಲಿಯವರೇ ಬರೆದಿಟ್ಟದ್ದರಿಂದ. ನೀವು ಯಾದಗಿರಿ ಕಡೆ ಬಂದರೆ ಮೊದಲು ಕೋಟೆ ಹತ್ತಿರಿ, ವಿಭೂತಿಹಳ್ಳಿ ಬಂಡೆ ನೋಡ್ರಿ, ಆಮೇಲೆ ಸುರಪುರಕ್ಕೆ ಹೋಗ್ರಿ. ಟೇಲರ್ ಮಂಜಿಲ್ ಮುಂದೆ ಸೆಲ್ಫಿ ತಗೊಳ್ರಿ, ಬೇಡ ಅನ್ನೋದಿಲ್ಲ. ಆದರೆ ಕೆಳಗಿಳಿದ ಮೇಲೆ ಊರಿನ ಒಬ್ಬ ಮುತ್ಯಾನನ್ನು ಮಾತಾಡಿಸ್ರಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ರಿ. ಆ ಬಾಯಿ ಇನ್ನೆಷ್ಟು ವರ್ಷ ಸಿಗ್ತದೋ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರೀ.