ಸೋಲಿಸಿದವರ ಶ್ರದ್ಧಾಂಜಲಿ

ಗುರುಗ್ರಾಮದ ಕಾರ್ಟರ್‌ಪುರಿಯ ಹೆಸರು ದೆಹಲಿ ಕಡೆಯ ನಮ್ಮವರಿಗೆ ಗೊತ್ತು. 1978ರ ಜನವರಿ 3ರಂದು ಆ ಹಳ್ಳಿಗೆ ಬಂದುಹೋದ ಜಿಮ್ಮಿ ಕಾರ್ಟರ್, 2007ರಲ್ಲಿ ಅದೇ ದಿನಾಂಕದಂದು ಮಿಶಿಗನ್‌ನ ಚರ್ಚೊಂದರಲ್ಲಿ ಜೆರಾಲ್ಡ್ ಫೋರ್ಡ್ ಅವರ ಶವಪೆಟ್ಟಿಗೆಯ ಮುಂದೆ ನಿಂತಿದ್ದರು. 1976ರ ಚುನಾವಣೆಯಲ್ಲಿ ಫೋರ್ಡರನ್ನು ಸೋಲಿಸಿ ಮನೆಗೆ ಕಳಿಸಿದವರೇ ಇವರು.

ಅಧಿಕಾರ ವಹಿಸಿಕೊಂಡ ದಿನ ಕಾರ್ಟರ್ ಆಡಿದ ಮೊದಲ ಮಾತೇ, ದೇಶದ ಗಾಯ ಮಾಯಿಸಿದ್ದಕ್ಕಾಗಿ ಫೋರ್ಡ್‌ಗೆ ಕೃತಜ್ಞತೆ. ಶ್ರದ್ಧಾಂಜಲಿಯನ್ನೂ ಅದೇ ಮಾತಿನಿಂದ ಶುರುಮಾಡಿದರು. ತಮ್ಮ ಆವತ್ತಿನ ಭಾಷಣದಲ್ಲಿ ಅತಿ ಹೆಚ್ಚು ಚಪ್ಪಾಳೆ ಬಿದ್ದದ್ದು ಆ ವಾಕ್ಯಕ್ಕೇ, ಒಪ್ಪಿಕೊಳ್ಳಲು ಇವತ್ತಿಗೂ ಮನಸ್ಸಿಲ್ಲ ಎಂದರು.

ಫೋರ್ಡ್‌ಗೆ ಈ ಧಾಟಿ ಹಿಡಿಸುತ್ತಿತ್ತು. ತಾನು ಫೋರ್ಡ್, ಲಿಂಕನ್ ಅಲ್ಲ ಎಂದು ಉಪಾಧ್ಯಕ್ಷರಾದ ದಿನವೇ ಹೇಳಿಕೊಂಡವರು (ಲಿಂಕನ್ ಎಂದರೆ ಫೋರ್ಡ್ ಕಂಪನಿಯ ದುಬಾರಿ ಕಾರೂ ಹೌದಲ್ಲ). ಕಾಲೇಜಿನಲ್ಲಿ ಹೆಸರಾಂತ ಫುಟ್‌ಬಾಲ್ ಆಟಗಾರ. 1975ರಲ್ಲಿ ವಿಮಾನದ ಮೆಟ್ಟಿಲಲ್ಲಿ ಜಾರಿದ್ದೇ ನೆಪ, ಟಿವಿಯಲ್ಲಿ ಎಡವುವ ಪೆದ್ದರಾಗಿಬಿಟ್ಟರು. ಚೆವಿ ಚೇಸ್ ಅವರಂತೆ ಮತ್ತೆ ಮತ್ತೆ ಬಿದ್ದು ಜನರನ್ನು ನಗಿಸಿದ. ಅದೇ ಚೇಸ್‌ನನ್ನು ಫೋರ್ಡ್ 1986ರಲ್ಲಿ ಅಧ್ಯಕ್ಷರು ಮತ್ತು ಹಾಸ್ಯ ಕುರಿತು ತಮ್ಮ ಮ್ಯೂಸಿಯಂನಲ್ಲಿ ನಡೆದ ಗೋಷ್ಠಿಗೆ ಕರೆಸಿದರು. ಮರುವರ್ಷ ಅದೇ ವಿಷಯದ ಮೇಲೆ ಪುಸ್ತಕವನ್ನೂ ತಂದರು. ನಿಕ್ಸನ್‌ಗೆ ಕೊಟ್ಟ ಕ್ಷಮಾದಾನವನ್ನು ಮಾತ್ರ ಜನ ನಕ್ಕು ಮರೆಯಲಿಲ್ಲ. ಸೋಲಿಗೆ ಅದೂ ಒಂದು ಕಾರಣ.

1981ರಲ್ಲಿ ಅನ್ವರ್ ಸಾದತ್ ಅಂತ್ಯಕ್ರಿಯೆ ಮುಗಿಸಿ ಮರಳುವಾಗ ವಿಮಾನದಲ್ಲಿ ಇಬ್ಬರೂ ಮಾತಿಗೆ ಕುಳಿತರು. ಸ್ನೇಹ ಕುದುರಿದ್ದು ಅಲ್ಲಿ. ಮುಂದೆ, ಮೊದಲು ಹೋದವರ ಬಗ್ಗೆ ಉಳಿದವರು ಮಾತನಾಡಬೇಕೆಂಬ ಒಪ್ಪಂದವೂ ಆಯಿತು. ಫೋರ್ಡ್ ತಮ್ಮ ಪಾಲಿನದನ್ನು ಬರೆದಿಟ್ಟೇ ಹೋಗಿದ್ದರು. 2025ರ ಜನವರಿ 9ರಂದು, ಕಾರ್ಟರ್ ಅವರ ಶವಪೆಟ್ಟಿಗೆಯ ಎದುರು, ಅದನ್ನು ಅವರ ಮಗ ಸ್ಟೀವನ್ ಓದಿದರು.