ಗುಂಡ್ಲುಪೇಟೆಯ ಕವಲುದಾರಿ ಮತ್ತು ಮನೆಯ ಗಣಕ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮರುದಿನ ಯಾವ ಗಣಕವೂ ಕೆಟ್ಟು ನಿಲ್ಲಲಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳನ್ನು ಮುಚ್ಚುವ ತೇಪೆಗಳು ಬರುವುದು ನಿಂತಿತು. ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಇನ್ನೊಂದು ವರ್ಷದ ಗಡುವು. ವಿಂಡೋಸ್ 11 ಹಾಕಿಸೋಣವೆಂದರೆ ಅದು ಹೊಸ ಕಾಲದ ಸಂಸ್ಕಾರಕವನ್ನೂ ಟಿಪಿಎಂ ಎಂಬ ಭದ್ರತಾ ವ್ಯವಸ್ಥೆಯ ಹೊಸ ಆವೃತ್ತಿಯನ್ನೂ ಕೇಳುತ್ತದೆ. 2015ರ ಸುಮಾರಿಗೆ ಮಗಳ ಕಾಲೇಜಿಗೆಂದು ಕೊಂಡ, ಇಂದಿಗೂ ಚೆನ್ನಾಗಿಯೇ ಇರುವ ಗಣಕವನ್ನು ಗುಜರಿಗೆ ಹಾಕಬೇಕೇ? ಬೇಡ, ಲಿನಕ್ಸ್ ಹಾಕಿಸಿ ಎನ್ನುವವರು ಇದ್ದಾರೆ. ಅಲ್ಲಿಗೆ ತೊಡಕು ಮುಗಿಯುವುದಿಲ್ಲ, ಆರಂಭವಾಗುತ್ತದೆ. ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ, ಇನ್ನೂ ದೂರ ಹೋದರೆ ಫ್ರೀಬಿಎಸ್‌ಡಿ. ಯಾವುದನ್ನು ಆರಿಸುವುದು?

ಈ ಪ್ರಶ್ನೆಗೆ ಉತ್ತರ ಹುಡುಕಲು ಗುಂಡ್ಲುಪೇಟೆ ಒಳ್ಳೆಯ ಜಾಗ. ಮೈಸೂರಿನಿಂದ ಬಂದ ಹೆದ್ದಾರಿ ಅಲ್ಲಿ ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಕಾಡಿನ ಅಂಚು ಹಿಡಿದು ಮೂಲೆಹೊಳೆ, ಮುತ್ತಂಗ ದಾಟಿ ಕೇರಳದ ಸುಲ್ತಾನ್ ಬತ್ತೇರಿಗೆ ಹೋದರೆ, ಇನ್ನೊಂದು ಬಂಡೀಪುರದ ನಡುವೆಯೇ ಹಾದು ತಮಿಳುನಾಡಿನ ತೆಪ್ಪಕಾಡು, ಊಟಿಗಳ ಕಡೆ ಇಳಿಯುತ್ತದೆ. ವನ್ಯಪ್ರಾಣಿಗಳ ಸಲುವಾಗಿ 2009ರಿಂದ ಎರಡೂ ದಾರಿಗಳಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ, ಈ ಎರಡು ದಾರಿಗಳ ಕೊನೆಯಲ್ಲಿರುವ ಎರಡು ರಾಜ್ಯಗಳೂ ಮುಕ್ತ ತಂತ್ರಾಂಶದ ಕಾರ್ಯಾಚರಣ ವ್ಯವಸ್ಥೆಗಳನ್ನು ಬೇರೆಬೇರೆ ಬಗೆಯಲ್ಲಿ ಆರಿಸಿಕೊಂಡಿವೆ ಎಂಬುದು. ಅಲ್ಲಿಗೆ ಹೋಗುವ ಮುನ್ನ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಗಣಕದ ಮನೆವಾರ್ತೆ ನೋಡಿಕೊಳ್ಳುವ ತಂತ್ರಾಂಶ. ಕೀಲಿಮಣೆ ಒತ್ತಿದ್ದನ್ನು ಗ್ರಹಿಸುವುದು, ಕಡತವನ್ನು ಕಾಪಿಡುವುದು, ಪರದೆಯ ಮೇಲೆ ಅಕ್ಷರ ಮೂಡಿಸುವುದು, ಎಲ್ಲವೂ ಅದರದ್ದೇ ಕೆಲಸ. ಇಲ್ಲಿ ಇಂಗ್ಲಿಷಿಗಿಲ್ಲದ ಅನುಕೂಲವೊಂದು ಕನ್ನಡಕ್ಕಿದೆ. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಪದ ಬಿಟ್ಟಿಗೂ ಬಿಡುಗಡೆಗೂ ಸಲ್ಲುತ್ತದೆ. ಆ ಗೊಂದಲ ಬಿಡಿಸಲು ಅಲ್ಲಿನವರು ಪುಟಗಟ್ಟಲೆ ಬರೆದಿದ್ದಾರೆ. ನಮ್ಮಲ್ಲಿ ‘ಉಚಿತ’ ಬೇರೆ, ‘ಮುಕ್ತ’ ಬೇರೆ. ಕಾಸಿಲ್ಲದೆ ಸಿಗುವುದು ಉಚಿತ. ಒಳಗೇನಿದೆ ಎಂದು ತೆರೆದು ನೋಡಿ, ಬೇಕಾದಂತೆ ತಿದ್ದಿ, ಇನ್ನೊಬ್ಬರಿಗೆ ಹಂಚಲು ಬರುವಂಥದ್ದು ಮುಕ್ತ.

ಮುಕ್ತ ವ್ಯವಸ್ಥೆಯೊಂದನ್ನು ಕಟ್ಟುವೆನೆಂದು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರ ಸೆಪ್ಟೆಂಬರ್‌ನಲ್ಲಿ ಸಾರಿದರು. ಯೋಜನೆಯ ಹೆಸರು ಗ್ನೂ. ಎಂಟು ವರ್ಷ ಕಳೆದರೂ ಅದರ ತಿರುಳಾದ ‘ಕರ್ನೆಲ್’ ಸಿದ್ಧವಾಗಿರಲಿಲ್ಲ. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೀನುಸ್ ಟೋರ್ವಾಲ್ಡ್ಸ್ ತನ್ನ ಮನೆಯ ಗಣಕಕ್ಕಾಗಿ ಒಂದು ತಿರುಳನ್ನು ಬರೆದು ಹಂಚಿ, ಮರುವರ್ಷ ಅದನ್ನು ಗ್ನೂ ಪರವಾನಗಿಗೆ ಒಳಪಡಿಸಿದ. ಎರಡೂ ಕೂಡಿದ್ದೇ ಲಿನಕ್ಸ್ ವ್ಯವಸ್ಥೆ. ಒಂದರ ಲಾಂಛನ ಆಫ್ರಿಕಾದ ಕಾಡುಪ್ರಾಣಿ, ಇನ್ನೊಂದರದ್ದು ಪೆಂಗ್ವಿನ್. ನಮ್ಮ ಬಂಡೀಪುರಕ್ಕೆ ಎರಡೂ ಪರಕೀಯ.

ಅದೇ ಹೊತ್ತಿಗೆ ಇನ್ನೊಬ್ಬ ಉಮೇದುವಾರನೂ ಇದ್ದ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಬೆಳೆದ ಬಿಎಸ್‌ಡಿ, ಆಗಿನ ಲಿನಕ್ಸಿಗಿಂತ ಪಳಗಿದ ಸರಕು. ಆದರೆ ಎಟಿ ಅಂಡ್ ಟಿ ಸಂಸ್ಥೆಯ ಅಂಗವೊಂದು ಹಕ್ಕುಸ್ವಾಮ್ಯದ ಬಗ್ಗೆ 1992ರಲ್ಲಿ ಮೊಕದ್ದಮೆ ಹೂಡಿತು. ಅದು ಇತ್ಯರ್ಥವಾಗುವಾಗ 1994 ಬಂದಿತ್ತು. ಆ ಎರಡು ವರ್ಷಗಳ ಅನುಮಾನದಲ್ಲಿ ಜನ ಲಿನಕ್ಸಿನತ್ತ ಸರಿದರು. 1993ರಲ್ಲಿ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್, ಮರುವರ್ಷ ರೆಡ್ ಹ್ಯಾಟ್ ಬಂದವು. ಫ್ರೀಬಿಎಸ್‌ಡಿ ಇಂದಿಗೂ ಜೀವಂತವಾಗಿದೆ, ಗಟ್ಟಿಯಾಗಿಯೂ ಇದೆ. ಆದರೆ ಮನೆಯ ಗಣಕದಲ್ಲಿ ಅದನ್ನು ಕಾಣುವುದು ಅಪರೂಪ. ಯಾವ ವ್ಯವಸ್ಥೆ ಗೆಲ್ಲುತ್ತದೆ ಎಂಬುದನ್ನು ಗುಣಕ್ಕಿಂತ ಹೆಚ್ಚಾಗಿ ಸುತ್ತಲಿನ ಸಂದರ್ಭ ತೀರ್ಮಾನಿಸಿದ ಮೊದಲ ನಿದರ್ಶನವಿದು, ಕೊನೆಯದಂತೂ ಅಲ್ಲ.

ಭಾರತದ ಮನೆಗಳಿಗೆ ಲಿನಕ್ಸ್ ಬಂದದ್ದು ಪತ್ರಿಕೆಯ ಜೊತೆಗೆ. ‘ಪಿಸಿ ಕ್ವೆಸ್ಟ್’ ಮಾಸಿಕ 1996ರಲ್ಲಿ ಲಿನಕ್ಸ್ ಸಿ.ಡಿ.ಯನ್ನು ಸಂಚಿಕೆಯೊಂದಿಗೆ ಹಂಚಿತು. ಆ ಪ್ರಯತ್ನದ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ (1962–2013) ಇದ್ದರು. ದೂರವಾಣಿ ತಂತಿಯ ಮೇಲೆ ನೂರಾರು ಮೆಗಾಬೈಟ್ ಇಳಿಸಿಕೊಳ್ಳುವುದು ಕನಸಾಗಿದ್ದ ಆ ದಿನಗಳಲ್ಲಿ, ಯಾವ ಸಿ.ಡಿ. ಕೈಗೆ ಸಿಕ್ಕಿತೋ ಅದೇ ಆಯ್ಕೆ. 2004ರಲ್ಲಿ ಹುಟ್ಟಿದ ಉಬುಂಟು ಈ ಗುಟ್ಟನ್ನು ಚೆನ್ನಾಗಿ ಅರಿತಿತ್ತು. ಕೇಳಿದವರಿಗೆಲ್ಲ, ಪ್ರಪಂಚದ ಯಾವ ಮೂಲೆಗಾದರೂ, 2011ರವರೆಗೆ ಅಂಚೆಯಲ್ಲಿ ಸಿ.ಡಿ. ಕಳಿಸಿಕೊಟ್ಟಿತು. ಉಬುಂಟುವಿನ ಖ್ಯಾತಿಯಲ್ಲಿ ಅಂಚೆಯಣ್ಣನ ಪಾಲನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

ಇಂಗ್ಲಿಷ್ ಬಲ್ಲವರಿಗೆ ಇಷ್ಟು ಸಾಕಾಗಿತ್ತು. ಕನ್ನಡಿಗನ ಪಾಡು ಬೇರೆ. ‘ಸ್ವಾತಂತ್ರ್ಯ’ ಎಂಬ ಪದವನ್ನೇ ತೆಗೆದುಕೊಳ್ಳಿ. ಮೊದಲ ಅಕ್ಷರಕ್ಕೆ ವಕಾರದ ಒತ್ತು, ಕೊನೆಯದಕ್ಕೆ ಒಂದಲ್ಲ, ಎರಡು ಒತ್ತುಗಳು. ಹಳೆಯ ಪದ್ಧತಿಯಲ್ಲಿ ತಲೆಕಟ್ಟು, ಕೊಂಬು, ಒತ್ತುಗಳನ್ನೆಲ್ಲ ಬಿಡಿಬಿಡಿ ಚೂರುಗಳಾಗಿ ಒಡೆದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿದ್ದರು. 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿ ಕರ್ನಾಟಕ ಸರ್ಕಾರ ಹಂಚಿದ ‘ನುಡಿ’, ಮುದ್ರಣಾಲಯಗಳ ‘ಶ್ರೀಲಿಪಿ’ ಎಲ್ಲವೂ ಬಹುಕಾಲ ಈ ಬಗೆಯವೇ. ಇವುಗಳಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ಅದನ್ನು ಮರೆತು ಮಾತಾಡುವುದು ಕೃತಘ್ನತೆ. ಆದರೆ ಅದೇ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಕಾಣುತ್ತಿದ್ದದ್ದು ರೋಮನ್ ಅಕ್ಷರಗಳ ಕಲಸುಮೇಲೋಗರ. ‘ಬರಹ’ ಹಲವು ವರ್ಷ ಉಚಿತವಾಗಿತ್ತು, ಮುಕ್ತವಾಗಿರಲಿಲ್ಲ. ಇವೆಲ್ಲ ನೆಚ್ಚಿಕೊಂಡಿದ್ದದ್ದು ವಿಂಡೋಸನ್ನು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಅಷ್ಟೊಂದು ತಲೆಕೆಡಿಸಿಕೊಂಡದ್ದು ಸುಮ್ಮನೆ ಅಲ್ಲ.

ಯೂನಿಕೋಡ್ ಪದ್ಧತಿ ಬಂದಾಗ ಲೆಕ್ಕಾಚಾರ ತಲೆಕೆಳಗಾಯಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಕೇರಿಯೊಂದು ಸಿಕ್ಕಿತ್ತು. ಇಲ್ಲಿ ಕಡತದಲ್ಲಿ ಉಳಿಯುವುದು ಚೂರುಗಳಲ್ಲ, ಅಕ್ಷರಗಳೇ: ತ, ವಿರಾಮ, ರ, ವಿರಾಮ, ಯ. ಇವನ್ನು ಕೂಡಿಸಿ ‘ತ್ರ್ಯ’ ಎಂದು ತೋರಿಸುವ ಹೊಣೆ ಕಾರ್ಯಾಚರಣ ವ್ಯವಸ್ಥೆಯ ಮೇಲೆ ಬಿತ್ತು. ಅಂದರೆ ಒತ್ತಕ್ಷರದ ವ್ಯಾಕರಣ ವ್ಯವಸ್ಥೆಗೇ ಗೊತ್ತಿರಬೇಕು. ವಿಂಡೋಸ್ ಅದನ್ನು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಅಕ್ಷರಶೈಲಿಯೊಂದಿಗೆ. ಅದಕ್ಕೆ ಹಿಂದಿನ ಆವೃತ್ತಿಯಲ್ಲಿ ಹಿಂದಿ, ತಮಿಳುಗಳಿದ್ದವು, ಕನ್ನಡವಿರಲಿಲ್ಲ. ಸರದಿ ಬರುವವರೆಗೆ ಕಾಯುವುದಷ್ಟೇ ನಮ್ಮ ಕೆಲಸವಾಗಿತ್ತು.

ಲಿನಕ್ಸಿನಲ್ಲಿ ಕಾಯಬೇಕಿರಲಿಲ್ಲ, ಬಂದು ತಿದ್ದಬಹುದಿತ್ತು. ಆದರೆ ತಿದ್ದಬೇಕಾದ ಜಾಗ ಒಂದಲ್ಲ, ಮೂರು. ಗ್ನೋಮ್ ಎಂಬ ಪರದೆ ವ್ಯವಸ್ಥೆ ‘ಪ್ಯಾಂಗೋ’ವನ್ನು ನೆಚ್ಚಿತ್ತು, ಕೆಡಿಇ ತನ್ನದೇ ದಾರಿ ಹಿಡಿದಿತ್ತು, ಓಪನ್ ಆಫೀಸ್ ಮೂರನೆಯದನ್ನು. ಆದ್ದರಿಂದ ಒಂದೇ ಗಣಕದಲ್ಲಿ, ಒಂದೇ ಪದ ಒಂದು ಕಿಟಕಿಯಲ್ಲಿ ಸರಿಯಾಗಿ, ಇನ್ನೊಂದರಲ್ಲಿ ಒತ್ತು ಕಳಚಿಬಿದ್ದಂತೆ ಕಾಣುವುದಿತ್ತು. ಈ ಶತಮಾನದ ಮೊದಲ ದಶಕದಲ್ಲಿ ಕನ್ನಡ ಲಿನಕ್ಸ್ ಬಳಕೆದಾರರು ‘ಯಾವುದು ಒಳ್ಳೆಯದು’ ಎಂದು ಚರ್ಚಿಸಿದ್ದರ ಹಿಂದೆ ಈ ಕಷ್ಟವಿತ್ತು. ಸ್ವಯಂಸೇವಕರು ದೋಷಗಳನ್ನು ವರದಿ ಮಾಡಿದರು, ಪರದೆಯ ಸಾವಿರಾರು ವಾಕ್ಯಗಳನ್ನು ಕನ್ನಡಕ್ಕೆ ತಂದರು. ಕೇದಗೆ, ಮಲ್ಲಿಗೆ, ಆಮೇಲೆ ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳು ಸೇರಿಕೊಂಡವು. ಕೊನೆಗೆ ‘ಹಾರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶ ಅಕ್ಷರ ಜೋಡಣೆಯ ಕೆಲಸವನ್ನು ಎಲ್ಲ ಕಡೆಯೂ ವಹಿಸಿಕೊಂಡಿತು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸ್ ಮಾತ್ರವಲ್ಲ, ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸರಿಯಾಗಿ ಮೂಡುವುದೂ ಅದರಿಂದಲೇ. ಆಂಡ್ರಾಯ್ಡಿನ ತಿರುಳು ಕೂಡ ಲಿನಕ್ಸೇ. ಆ ಲೆಕ್ಕದಲ್ಲಿ ಗುಂಡ್ಲುಪೇಟೆ ಸಂತೆಯಲ್ಲಿ ಲಿನಕ್ಸ್ ಇಲ್ಲದ ಜೇಬು ಕಡಿಮೆ.

ಇದರ ಜೊತೆಗೇ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ನಾಡೋಜ ಕೆ.ಪಿ. ರಾವ್, ರೂಪಿಸಿದ ಧ್ವನಿ ಆಧಾರಿತ ಕೀಲಿಮಣೆ ವಿನ್ಯಾಸವೇ ‘ನುಡಿ’ಯ ಮೂಲಕ ನಾಡಿನ ಕಚೇರಿಗಳಿಗೆ ಹೋಯಿತು. ಇಂದು ಯಾವ ದೇಶದಲ್ಲಿ ಯಾವ ಲಿನಕ್ಸ್ ಹಾಕಿದರೂ ಕೀಲಿಮಣೆಗಳ ಪಟ್ಟಿಯಲ್ಲಿ ‘ಕನ್ನಡ (ಕಗಪ)’ ಎಂಬ ಆಯ್ಕೆ ಸಿಗುತ್ತದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ವಿಂಡೋಸ್‌ಗಾಗಿ ತಂತ್ರಾಂಶ ಮಾಡಿದ ಸಂಸ್ಥೆಯ ಹೆಸರು ಲಿನಕ್ಸಿನೊಳಗೆ ಹೀಗೆ ನೆಲೆಸಿದೆ!

ಕನ್ನಡ ಚೆನ್ನಾಗಿ ಕಾಣುವುದೇ ಎಂಬ ಪ್ರಶ್ನೆ ಇತ್ಯರ್ಥವಾದ ಮೇಲೆ ಉಳಿಯುವುದು ಇನ್ನೊಂದೇ ಪ್ರಶ್ನೆ: ಕೈಕೊಟ್ಟಾಗ ಕೇಳಲು ಹತ್ತಿರದಲ್ಲಿ ಯಾರಿದ್ದಾರೆ? ಈಗ ಕವಲುದಾರಿಗೆ ಮರಳಬಹುದು.

ಮುತ್ತಂಗದ ಆಚೆ ಕೇರಳ ಸರ್ಕಾರ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭಿಸಿತು. ಮೊದಲ ಪಠ್ಯಪುಸ್ತಕಗಳು ವಿಂಡೋಸನ್ನೇ ಕಲಿಸುತ್ತಿದ್ದವು. ಒಂದು ಕಂಪನಿಯ ಸರಕನ್ನು ಸರ್ಕಾರಿ ಶಾಲೆಯ ಪಾಠವಾಗಿಸುವುದು ಸರಿಯೇ ಎಂದು ಅಧ್ಯಾಪಕರ ಸಂಘಟನೆ ತಕರಾರೆತ್ತಿತು. ಆ ದಶಕ ಮುಗಿಯುವುದರೊಳಗೆ ಪ್ರೌಢಶಾಲೆಗಳ ಪಾಠವೂ ಪರೀಕ್ಷೆಯೂ ಲಿನಕ್ಸಿಗೆ ಬಂದಿದ್ದವು. ಮೊದಲು ಡೆಬಿಯನ್ ಆಧಾರದ ಮೇಲೆ, ಆಮೇಲೆ ಉಬುಂಟುವಿನ ಮೇಲೆ ಅವರು ತಮ್ಮದೇ ಆವೃತ್ತಿ ಕಟ್ಟಿಕೊಂಡರು. ಈಗ ಅದರ ಹೆಸರು ‘ಕೈಟ್’. ಪಾಠ ಮಾಡಿದ್ದು ಹೊರಗಿನಿಂದ ಬಂದ ಗುತ್ತಿಗೆ ನೌಕರರಲ್ಲ, ತರಬೇತಿ ಪಡೆದ ಶಾಲೆಯ ಮೇಷ್ಟರುಗಳೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದೇ ಪಾಠ ಕನ್ನಡ ಪಠ್ಯಪುಸ್ತಕದಲ್ಲಿ ಸಿಗುತ್ತದೆ. ಕರ್ನಾಟಕದ ಹೊರಗಿರುವ ಕನ್ನಡ ಮಗು ಶಾಲೆಯಲ್ಲಿ ಕಲಿತದ್ದನ್ನೇ ಮನೆಯ ಗಣಕಕ್ಕೂ ಹಾಕಿಕೊಳ್ಳಬಹುದು, ಪರವಾನಗಿಯ ಚಿಂತೆಯಿಲ್ಲದೆ.

ತೆಪ್ಪಕಾಡಿನ ದಾರಿಯ ಕಥೆ ಇಷ್ಟು ನೇರವಲ್ಲ. ತಮಿಳುನಾಡಿನ ಸರ್ಕಾರಿ ಸಂಸ್ಥೆ ‘ಎಲ್ಕಾಟ್’ 2006ರ ನಂತರದ ಒಂದೆರಡು ವರ್ಷ ಸೂಸೆ ಲಿನಕ್ಸನ್ನು ಹುರುಪಿನಿಂದ ಹರಡಿತು. 2011ರಲ್ಲಿ ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಹಂಚುವ ಯೋಜನೆ ಬಂದಾಗ ಅದರಲ್ಲಿ ಎರಡು ವ್ಯವಸ್ಥೆಗಳು ಜೊತೆಗಿದ್ದವು: ವಿಂಡೋಸ್, ಮತ್ತು ಚೆನ್ನೈನ ಸಿ-ಡ್ಯಾಕ್ ಡೆಬಿಯನ್ ಆಧರಿಸಿ 2007ರಲ್ಲಿ ಹೊರತಂದ ‘ಬಾಸ್’. ಚಾಮರಾಜನಗರದ ಮಗ್ಗುಲಲ್ಲೇ ಇರುವ ತಾಳವಾಡಿಯ ಕನ್ನಡ ಮಕ್ಕಳೂ ಈ ಯೋಜನೆಯ ವ್ಯಾಪ್ತಿಯೊಳಗೇ ಬರುವವರು. ಎರಡನ್ನೂ ಕೊಟ್ಟು ಒಂದನ್ನೂ ಕಲಿಸದಿದ್ದರೆ ಮಕ್ಕಳು ಪರಿಚಿತವಾದದ್ದನ್ನೇ ತೆರೆಯುತ್ತಾರೆ, ಅದರಲ್ಲಿ ಆಶ್ಚರ್ಯವಿಲ್ಲ.

ನಡುವಿನ ನಮ್ಮ ಕರ್ನಾಟಕ? 2001ರ ‘ಮಾಹಿತಿ ಸಿಂಧು’ ಯೋಜನೆ ಸಾವಿರ ಪ್ರೌಢಶಾಲೆಗಳಿಗೆ ಗಣಕ ಕೊಟ್ಟಿತು, ಆದರೆ ಖಾಸಗಿ ಕಂಪನಿಗಳ ಗುತ್ತಿಗೆಯಲ್ಲಿ. ಕಲಿಸುವವನು ಕಂಪನಿಯವನು, ಗುತ್ತಿಗೆ ಮುಗಿದಾಗ ತಿಳಿವಳಿಕೆಯೂ ಅವನೊಂದಿಗೆ ಹೊರಟುಹೋಯಿತು. ತಂತ್ರಾಂಶದ ರಾಜಧಾನಿಯನ್ನು ಮಡಿಲಲ್ಲಿಟ್ಟುಕೊಂಡ ರಾಜ್ಯಕ್ಕೆ ಇದು ಶೋಭೆ ತರುವ ಮಾತಲ್ಲ. 2011ರಿಂದ ‘ವಿಷಯ ಶಿಕ್ಷಕರ ವೇದಿಕೆ’ ಕಾರ್ಯಕ್ರಮದಲ್ಲಿ, ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯ ನೆರವಿನೊಂದಿಗೆ, ಗಣಿತ, ವಿಜ್ಞಾನ, ಸಮಾಜ ವಿಷಯಗಳ ಸರ್ಕಾರಿ ಶಿಕ್ಷಕರು ಉಬುಂಟು ಕಲಿತರು. ಹಾಗಾಗಿ ಇಂದು ಹಳ್ಳಿಯಲ್ಲಿ ಲಿನಕ್ಸ್ ಬಲ್ಲವರನ್ನು ಹುಡುಕುವುದಾದರೆ ಪೇಟೆಯ ಗಣಕ ರಿಪೇರಿ ಅಂಗಡಿಗಿಂತ ಪ್ರೌಢಶಾಲೆಯ ಗಣಿತ ಮೇಷ್ಟರ ಮನೆಗೆ ಮೊದಲು ಹೋಗುವುದು ಲೇಸು.

ಮನೆಗೆ ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರವೂ ಅಲ್ಲೇ ಇದೆ. ಆ ಮೇಷ್ಟರು ಬಲ್ಲದ್ದು ಉಬುಂಟು ಆದರೆ ಉಬುಂಟು, ಇಲ್ಲವೇ ಅದರದೇ ಒಡಲಿನಿಂದ 2006ರಲ್ಲಿ ಬಂದ ಮಿಂಟ್. ಮಿಂಟ್‌ನ ಪರದೆ ವಿಂಡೋಸ್ ರೂಢಿಯಾದವರಿಗೆ ಬೇಗ ಹಿಡಿಸುತ್ತದೆ. ಅಣತಿ ಬೇಡದೆ ವರ್ಷಗಟ್ಟಲೆ ಸುಮ್ಮನೆ ಓಡಬೇಕು ಎನ್ನುವವರಿಗೆ ಡೆಬಿಯನ್; ಅದನ್ನು ಕನ್ನಡದಲ್ಲೇ ಪ್ರಶ್ನೆ ಕೇಳುವಂತೆ ಮಾಡಿ ಅನುಸ್ಥಾಪಿಸಲೂ ಬರುತ್ತದೆ. ತೀರಾ ಹಳೆಯ, 32 ಬಿಟ್‌ನ ಗಣಕವಾದರೆ ಎಚ್ಚರ: 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅಂಥವಕ್ಕೆ ಅನುಸ್ಥಾಪನೆಯನ್ನು ಕೈಬಿಟ್ಟಿದೆ. ಫೆಡೋರಾ ಹೊಸತನ ಬಯಸುವವರಿಗೆ. ಫ್ರೀಬಿಎಸ್‌ಡಿ, ಬಿಡುವಿದ್ದವರಿಗೆ.

ತೀರ್ಮಾನಿಸುವ ಮುನ್ನ ಪೆನ್‌ಡ್ರೈವಿನಿಂದಲೇ ಗಣಕವನ್ನು ಎಬ್ಬಿಸಿ ನೋಡಬಹುದು. ಒಳಗಿನ ವಿಂಡೋಸಿಗೆ ಏನೂ ಆಗದು. ಹಾಗೆ ನೋಡುವಾಗ ಮುದ್ರಕವನ್ನು ಜೋಡಿಸಿ ಒಂದು ಪುಟ ತೆಗೆಯಿರಿ, ಕೆಲವು ಹಳೆಯ ಲೇಸರ್ ಮುದ್ರಕಗಳು ಲಿನಕ್ಸಿನೊಂದಿಗೆ ಮುನಿಸಿಕೊಳ್ಳುತ್ತವೆ. ಕಗಪ ಕೀಲಿಮಣೆ ಆರಿಸಿ ‘ಸ್ವಾತಂತ್ರ್ಯ’ ಎಂದು ಬರೆಯಿರಿ. ಆಮೇಲೆ ಮುಖ್ಯವಾದದ್ದು: ಹಳೆಯ ‘ನುಡಿ’, ‘ಬರಹ’ ಕಡತಗಳು. ಮಗಳ ಮದುವೆಯ ಕರೆಯೋಲೆ, ಜಮೀನಿನ ಅರ್ಜಿ, ತಾತನ ನೆನಪಿನ ಟಿಪ್ಪಣಿ ಯಾವುದಿದ್ದರೂ ಅವನ್ನು ವಿಂಡೋಸ್ ಇನ್ನೂ ಇರುವಾಗಲೇ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತಂದುಕೊಳ್ಳಬೇಕು. ತಂದ ಮೇಲೆ ಒಮ್ಮೆ ಕೂತು ಪೂರ್ತಿ ಓದಬೇಕು. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅರ್ಕಾವತ್ತಿನಲ್ಲಿ.