ಗೋಣಿಚೀಲ ನಿಂತ ವರ್ಷ

1946ನೆಯ ಇಸವಿ. ದೆಹಲಿಯಲ್ಲಿ ವೈಸ್‌ರಾಯ್ ವೇವೆಲ್‌ನ ಆಡಳಿತ. ಸ್ವಾತಂತ್ರ್ಯ ಇನ್ನೂ ಒಂದು ವರ್ಷಕ್ಕೂ ಮಿಕ್ಕಿ ದೂರವಿತ್ತು. ಅಂಥ ಹೊತ್ತಿನಲ್ಲಿ ಪರಾಧೀನ ಭಾರತ ದಕ್ಷಿಣ ಆಫ್ರಿಕದೊಡನೆ ವ್ಯಾಪಾರ ಕಡಿದುಕೊಂಡಿತು. ವಿಚಿತ್ರವೆಂದರೆ, ಎರಡೂ ದೇಶಗಳ ನಾಣ್ಯದ ಮೇಲಿದ್ದುದು ಒಬ್ಬನೇ ದೊರೆಯ ಮುಖ, ಆರನೆಯ ಜಾರ್ಜ್‌ನದು.

ಜಗಳ ಹಳೆಯದು. 1860ರಲ್ಲಿ ಮದರಾಸಿನಿಂದ ಹೊರಟ ಟ್ರೂರೋ ಹಡಗು ನಟಾಲಿನ ಕಬ್ಬಿನ ಗದ್ದೆಗಳಿಗೆ ಮೊದಲ ಕೂಲಿಗಳನ್ನು ಇಳಿಸಿತ್ತು. ಅವರ ಮಕ್ಕಳು ಮೊಮ್ಮಕ್ಕಳು ನೆಲ ಕೊಂಡು ಅಂಗಡಿ ಇಟ್ಟದ್ದು ಬಿಳಿಯರ ಕಣ್ಣು ಕುಕ್ಕಿತು. ಪ್ರಧಾನಿ ಯಾನ್ ಸ್ಮಟ್ಸ್ ತಂದ ಹೊಸ ಕಾಯ್ದೆ, ನಟಾಲ್ ಮತ್ತು ಟ್ರಾನ್ಸ್‌ವಾಲ್‌ಗಳಲ್ಲಿ ಭಾರತೀಯರು ಎಲ್ಲಿ ನೆಲ ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂಬುದಕ್ಕೆ ಗೆರೆ ಎಳೆಯಿತು. ಸಮಾಧಾನಕ್ಕೆಂದು ಸಂಸತ್ತಿನಲ್ಲಿ ಪ್ರಾತಿನಿಧ್ಯವನ್ನೂ ಕೊಟ್ಟಿತು. ಆದರೆ ಆ ಪ್ರತಿನಿಧಿಗಳು ಬಿಳಿಯರೇ ಆಗಿರಬೇಕು! ಜನ ಇದನ್ನು ಘೆಟ್ಟೋ ಕಾಯ್ದೆ ಎಂದು ಕರೆದು ತಿರಸ್ಕರಿಸಿದರು.

ಜೂನ್ 13ರಂದು ಡರ್ಬನ್ ನಗರದಲ್ಲಿ ಸತ್ಯಾಗ್ರಹ ಶುರುವಾಯಿತು. ಗೇಲ್ ಸ್ಟ್ರೀಟ್ ಮತ್ತು ಅಂಬಿಲೊ ರಸ್ತೆ ಕೂಡುವ ಮೂಲೆಯ ಖಾಲಿ ಜಾಗದಲ್ಲಿ ಸತ್ಯಾಗ್ರಹಿಗಳು ಡೇರೆ ಹಾಕಿದರು. ರಾತ್ರಿ ಬಿಳಿಯ ಪುಂಡರ ಗುಂಪು ಬಂದು ಡೇರೆ ಕೆಡವಿ, ಒಳಗಿದ್ದವರನ್ನು ಬಡಿಯಿತು. ಮರುದಿನ ಅದೇ ಜಾಗದಲ್ಲಿ ಮತ್ತೆ ಜನ ಬಂದು ಕೂತರು. ಮುಂದಿನ ಎರಡು ವರ್ಷಗಳಲ್ಲಿ ಸುಮಾರು 2,000 ಮಂದಿ ಜೈಲು ಕಂಡರು.

ಮಸೂದೆ ಕಾಯ್ದೆಯಾಗುವ ಮೊದಲೇ ದೆಹಲಿ ವ್ಯಾಪಾರ ಒಪ್ಪಂದ ರದ್ದುಮಾಡುವ ನೋಟಿಸ್ ಕಳಿಸಿತ್ತು. ವೈಸ್‌ರಾಯ್ ಮಂಡಲಿಯಲ್ಲಿ ಈ ವಿಷಯದ ಖಾತೆ ಹೊತ್ತಿದ್ದವರು ಎನ್. ಬಿ. ಖರೆ, ಕಾಂಗ್ರೆಸ್ಸಿನಿಂದ ಹೊರಬಿದ್ದಿದ್ದ ನಾಯಕ. ಹಿಂದೆ ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ಆರಂಭಿಸಿದ್ದ ಹೋರಾಟಕ್ಕೆ ಸರ್ಕಾರದ ಮುದ್ರೆ ಒತ್ತುವ ಕೆಲಸ ಇಂಥವರ ಪಾಲಿಗೆ ಬಂತು. ಚರಿತ್ರೆಗೆ ಇಂಥ ಚೇಷ್ಟೆ ಹೊಸದಲ್ಲ. ಹೈಕಮಿಷನರ್ ಆರ್. ಎಂ. ದೇಶ್‌ಮುಖ್‌ರನ್ನು ವಾಪಸು ಕರೆಸಿಕೊಂಡದ್ದಾಯಿತು, ಜುಲೈಯಲ್ಲಿ ನಿಷೇಧ ಜಾರಿಗೆ ಬಂತು.

ಪೆಟ್ಟು ತಗಲಿದ್ದು ಗೋಣಿಚೀಲದಲ್ಲಿ. ದಕ್ಷಿಣ ಆಫ್ರಿಕದ ರೈತನ ಮೆಕ್ಕೆಜೋಳ ಕಣ ಬಿಟ್ಟು ಹೊರಡಬೇಕಾದರೆ ಹೂಗ್ಲಿ ದಂಡೆಯ ಗಿರಣಿಗಳ ಸೆಣಬಿನ ಚೀಲ ಬೇಕಿತ್ತು. ಆದರೆ ಇತ್ತ ನಷ್ಟವೂ ಸಣ್ಣದಲ್ಲ. ಭಾರತದ ಒಟ್ಟು ರಫ್ತಿನಲ್ಲಿ ಸುಮಾರು ಶೇಕಡಾ 5.5ರಷ್ಟು ಪಾಲು ಆ ದೇಶದ್ದಾಗಿತ್ತು. ತನ್ನ ಗಂಟು ಕರಗುತ್ತದೆಂದು ಬಲ್ಲವನು ಹೇರಿದ ನಿರ್ಬಂಧಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಡಿಸೆಂಬರ್ 8ರಂದು ವಿಶ್ವಸಂಸ್ಥೆಯಲ್ಲಿ ವಿಜಯಲಕ್ಷ್ಮಿ ಪಂಡಿತರ ನಿಯೋಗ ಸ್ಮಟ್ಸ್‌ರನ್ನು ಎದುರಿಸಿತು. ಮೂಲಭೂತ ಮಾನವ ಹಕ್ಕುಗಳ ಮಾತು ಬರುವ ಆ ಸಂಸ್ಥೆಯ ಸನ್ನದಿನ ಪೀಠಿಕೆಗೆ ಕೈಹಚ್ಚಿದವರೇ ಸ್ಮಟ್ಸ್. ಭಾರತದ ಪರ 32 ಮತ, ವಿರುದ್ಧ 15, ತಟಸ್ಥ 7. ಬ್ರಿಟನ್ ಮತ್ತು ಅಮೆರಿಕ ವಿರುದ್ಧದ ಸಾಲಿನಲ್ಲಿದ್ದವು. 1948ರ ದಕ್ಷಿಣ ಆಫ್ರಿಕದ ಚುನಾವಣೆಯಲ್ಲಿ ಮಲಾನ್ ಗೆದ್ದು ವರ್ಣಭೇದವನ್ನೇ ರಾಜ್ಯನೀತಿ ಮಾಡಿದ ಮೇಲೂ ದೊಡ್ಡ ದೇಶಗಳು ಚಿನ್ನ, ವಜ್ರದ ವಹಿವಾಟು ಬಿಡಲಿಲ್ಲ. ಅಮೆರಿಕದ ಸಂಸತ್ತು ಅಧ್ಯಕ್ಷ ರೇಗನ್‌ರ ವೀಟೋ ಮೀರಿ ನಿರ್ಬಂಧ ಹೇರುವಾಗ 1986.

1993ರ ಸೆಪ್ಟೆಂಬರಿನಲ್ಲಿ ನೆಲ್ಸನ್ ಮಂಡೇಲಾ ವಿಶ್ವಸಂಸ್ಥೆಗೆ ಬಂದು, ನಿರ್ಬಂಧ ತೆಗೆಯುವ ಕಾಲ ಬಂದಿದೆ ಎಂದು ಕೇಳಿಕೊಂಡರು. ಅದಾದ ಮೇಲೆ, ನವೆಂಬರಿನಲ್ಲಿ, ಭಾರತ ರಾಜತಾಂತ್ರಿಕ ಸಂಬಂಧವನ್ನು ಮತ್ತೆ ಬೆಳೆಸಿತು.